ಮೂರು ತಂಬಿಗೆ ನೀರು

ವರ್ಷ ಎಣಿಸುವುದನ್ನು ಬಿಟ್ಟ ಮೇಲಿನ ಎಂಬತ್ತೊಂದನೆಯ ವರ್ಷ,
ನೆರಳು ತಿಂಗಳ ಮೂವತ್ತೆಂಟನೆಯ ದಿನ,
ಎತ್ತರದಿಬ್ಬ.

ನೀಲಗಂಗವ್ವ,

ಮೇಲೆ ಬರೆದ ತಾರೀಖು ನೋಡಿ ಈ ಮುದುಕಿಗೆ ಅರುಳುಮರುಳು ಎಂದುಕೊಳ್ಳಬೇಡ. ನಮ್ಮ ಹಿರಿಯರಲ್ಲಿ ಒಬ್ಬೊಬ್ಬರದು ಒಂದೊಂದು ಪಂಚಾಂಗವಾಗಿ, ಹಬ್ಬ ಯಾವತ್ತು ಎಂಬುದಕ್ಕೇ ಕೈಕೈ ಮಿಲಾಯಿಸುವ ಹೊತ್ತು ಬಂದಾಗ, ಇನ್ನು ವರ್ಷ ಎಣಿಸುವುದೇ ಬೇಡವೆಂದು ತೀರ್ಮಾನ ಮಾಡಿದರಂತೆ. ಮರುವರ್ಷದಿಂದಲೇ ಜನ, ಎಣಿಸುವುದನ್ನು ಬಿಟ್ಟು ಒಂದು ವರ್ಷವಾಯಿತು, ಎರಡು ವರ್ಷವಾಯಿತು ಎಂದು ಎಣಿಸತೊಡಗಿದರು. ನಾಯಿಬಾಲ ಡೊಂಕು. ಇನ್ನು ತಿಂಗಳಿಗೆ ಮೂವತ್ತೆಂಟು ದಿನ ಹೇಗೆ ಎನ್ನುವೆಯಾದರೆ, ನೆರಳು ತಿಂಗಳು ಎಂಬುದು ಬಿಸಿಲು ನಮ್ಮನ್ನು ಹೊರಗೆ ನಿಲ್ಲಲು ಬಿಡದ ತಿಂಗಳು. ಬಿಸಿಲು ಇಳಿಯುವ ತನಕ ಅದು ಮುಗಿಯುವುದಿಲ್ಲ, ಒಮ್ಮೊಮ್ಮೆ ಐವತ್ತು ದಿನಕ್ಕೂ ಹೋಗುತ್ತದೆ. ನನ್ನ ಕನ್ನಡದ ಬಗ್ಗೆಯೂ ಮೊದಲೇ ಕ್ಷಮೆ ಕೇಳುತ್ತೇನೆ. ನಾವು ಆಡುವ ಮಾತು ಬಹಳ ದೂರ ಬಂದುಬಿಟ್ಟಿದೆ. ನಿಮ್ಮ ಕಾಲದ ಬರವಣಿಗೆಯನ್ನು ಚಿಕ್ಕವಳಿದ್ದಾಗ ಅವ್ವ ಕಲಿಸಿದ್ದಳು, ಅದರಲ್ಲಿ ಉಳಿದಷ್ಟನ್ನು ಕೂಡಿಸಿಕೊಂಡು ಬರೆಯುತ್ತಿದ್ದೇನೆ. ಆಡಿದವರ ಮಾತನ್ನು ಮಾತ್ರ ನಿಮ್ಮ ಸೀಮೆಯ ಮಾತಿಗೆ ಹೊಂದಿಸಿದ್ದೇನೆ. ಎಲ್ಲಿಯಾದರೂ ಮಾತು ಕುಂಟಿದರೆ ಸೈರಿಸಿಕೋ.

ನಿನ್ನನ್ನು ಏನೆಂದು ಕರೆಯಬೇಕೆಂಬುದೇ ದೊಡ್ಡ ಪೇಚಾಯಿತು. ಲೆಕ್ಕದಲ್ಲಿ ನೀನು ನನ್ನ ಅಜ್ಜಿಯ ಅಜ್ಜಿಗೂ ಆಚೆಯವಳು. ಆದರೆ ನನಗೆ ಗೊತ್ತಿರುವ ನೀನು ಇನ್ನೂ ಮದುಮಗಳು, ಅರಿಶಿನದ ಮೈಯವಳು. ನನಗೋ ಎಪ್ಪತ್ತು ದಾಟಿದೆ. ಅಜ್ಜಿ ಎನ್ನಲೋ ಮಗಳೇ ಎನ್ನಲೋ ತಿಳಿಯದೆ ಕಾಗದ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಅವ್ವ ಎಂದೇ ಕರೆಯೋಣ ಎನ್ನಿಸಿತು. ನಮ್ಮ ಕಡೆ ಹಡೆದವಳಿಗೂ ಅವ್ವ ಎನ್ನುತ್ತೇವೆ, ಹಡೆದ ಮಗಳಿಗೂ ಮುದ್ದಿನಿಂದ ಅವ್ವ ಎನ್ನುತ್ತೇವೆ. ನಿಮ್ಮಲ್ಲಿಯೂ ಹಾಗೇ ಇತ್ತೆಂದು ಕೇಳಿದ್ದೇನೆ.

ನಾನು ದಾನಮ್ಮ. ಎತ್ತರದಿಬ್ಬ ಎಂಬ ಈ ಊರಿನಲ್ಲಿ ಈಗ ಇರುವವಳು ನಾನೊಬ್ಬಳೇ. ಹಿಂದೆ ಇಲ್ಲಿ ಮೂವತ್ತು ಒಲೆ ಉರಿಯುತ್ತಿದ್ದವು. ಕೆಳಗಿನ ಬಯಲೆಲ್ಲ ಕೆರೆಯಾದ ಮೇಲೆ ಜನ ಒಬ್ಬೊಬ್ಬರಾಗಿ ಬಡಗಣ ಊರುಗಳಿಗೆ ಹೊರಟರು. ಒಂದೇ ಒಲೆ ಉಳಿದ ಊರನ್ನು ನಡೆಸುವುದಿಲ್ಲವೆಂಬುದು ನಮ್ಮಲ್ಲಿ ನಿಯಮ, ಆದ್ದರಿಂದ ನನ್ನನ್ನು ಕರೆದೊಯ್ಯಲು ನಾಳೆ ಬೆಳಿಗ್ಗೆ ಬಂಡಿ ಬರುತ್ತದೆ. ಮನೆ ಬಿಟ್ಟು ಹೋಗುವವರು ಹಿಂದಿನವರಲ್ಲಿ ಯಾರಿಗಾದರೂ ಒಂದು ಕಾಗದ ಬರೆದು ಮನೆಯಲ್ಲಿಯೇ ಇಟ್ಟುಹೋಗುವುದು ರೂಢಿ. ಅದಕ್ಕೆ ಹಿನ್ನೋಲೆ ಎನ್ನುತ್ತೇವೆ. ಅದು ನಿಮಗೆ ತಲುಪುವ ದಾರಿಯನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ, ಆದರೂ ಬರೆಯುತ್ತೇವೆ. ಮೊದಮೊದಲು ಬರೆದವರೆಲ್ಲ ನಿಮ್ಮನ್ನು ಬಾಯಿಗೆ ಬಂದಂತೆ ಬೈದು ಬರೆಯುತ್ತಿದ್ದರಂತೆ, ಹೀಗೆ ಯಾಕೆ ಮಾಡಿದಿರಿ, ಹಾಗೆ ಯಾಕೆ ಮಾಡಲಿಲ್ಲ ಎಂದು. ಆಮೇಲೆ ಹಿನ್ನೋಲೆಯಲ್ಲಿ ಬೈಯಕೂಡದು ಎಂದು ಗೊತ್ತುಮಾಡಿದರು. ಬೈಯಲು ನನಗೂ ಬೇಕಾದಷ್ಟಿದೆ, ಬಿಡು. ನಾನು ಬರೆಯುತ್ತಿರುವುದು ನಿನ್ನ ತಂಬಿಗೆಯ ವಿಷಯ.

ನಿನ್ನ ಮದುವೆಗೆ ಬಂದ ಸ್ಟೀಲಿನ ತಂಬಿಗೆ. ಹೊಟ್ಟೆಯ ಸುತ್ತ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ: ಚಿ. ಸೌ. ನೀಲಗಂಗಾಳ ಲಗ್ನಕ್ಕೆ ಸೋದರತ್ತೆ ಬಸಲಿಂಗವ್ವನಿಂದ. ನಿನ್ನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ನೀನು ಕಪ್ಪೋ ಕೆಂಪೋ, ಗಂಡ ಒಳ್ಳೆಯವನಿದ್ದನೋ ಇಲ್ಲವೋ, ಎಷ್ಟು ಮಕ್ಕಳು, ಯಾವುದೂ ತಿಳಿಯದು. ನಿನ್ನ ಸೋದರತ್ತೆಯ ಬಗ್ಗೆಯೇ ನನಗೆ ಹೆಚ್ಚು ಗೊತ್ತು ಎಂದರೆ ನಗುತ್ತೀ. ಕೊರೆಯುವವನು ನಿನ್ನ ಹೆಸರನ್ನು ದೊಡ್ಡದಾಗಿ ಕೊರೆದು, ಅವಳ ಹೆಸರಿಗೆ ಬರುವಷ್ಟರಲ್ಲಿ ಜಾಗ ಸಾಲದೆ ಕೊನೆಯ ಅಕ್ಷರಗಳನ್ನು ಒತ್ತೊತ್ತಾಗಿ ಕುತ್ತಿಗೆಯ ಕಡೆಗೆ ಹತ್ತಿಸಿಬಿಟ್ಟಿದ್ದಾನೆ. ಅವಳು ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು, ನನ್ನ ಹೆಸರು ಬಿಡಬೇಡಪ್ಪಾ, ಹೆಂಗರ ಮಾಡಿ ಹಿಡಿಸು ಎಂದು ಗಂಟುಬಿದ್ದಿರಬೇಕು. ಹಾಗೆ ಗಂಟುಬಿದ್ದದ್ದು ಒಳ್ಳೆಯದಾಯಿತು. ಇಷ್ಟು ತಲೆಮಾರು ಕಳೆದ ಮೇಲೂ ಅವಳ ಹೆಸರು ನಿನ್ನ ಹೆಸರಿನ ಪಕ್ಕದಲ್ಲಿ ಇದೆ.

ಆ ತಂಬಿಗೆ ನನ್ನ ಅವ್ವನ ತನಕ ಹೇಗೆ ಬಂತೆಂಬುದು ಅವ್ವನಿಗೂ ಪೂರ್ತಿ ಗೊತ್ತಿರಲಿಲ್ಲ. ತಾಯಿಯಿಂದ ಮಗಳಿಗೆ, ಸೊಸೆಗೆ, ಹೀಗೆ ಕೈದಾಟಿ ಬಂದಿತ್ತು. ಮನೆಗೆ ಬಂದವರ ಮುಂದೆ ಅವ್ವ ಮೊದಲು ಆ ತಂಬಿಗೆಯಲ್ಲಿ ನೀರು ಇಡುತ್ತಿದ್ದಳು. ನೀರು ಇಟ್ಟ ಮೇಲೆಯೇ ಆರಾಮಿದ್ದೀರಾ ಎಂದು ಕೇಳುವುದು. ಬಂದವರು ಜಗಳಕ್ಕೆ ಬಂದಿದ್ದರೂ ಮೊದಲು ನೀರು, ಆಮೇಲೆ ಜಗಳ. ಇದನ್ನು ನಿಮ್ಮಿಂದಲೇ ಕಲಿತದ್ದು ಎಂದು ಅವಳು ಹೇಳುತ್ತಿದ್ದಳು.

ಇನ್ನು ನಮ್ಮ ಕಾಲದ ಒಂದು ಸಂಗತಿಯನ್ನು ಬಿಡಿಸಿ ಹೇಳದಿದ್ದರೆ ಮುಂದಿನದು ನಿನಗೆ ತಿಳಿಯುವುದಿಲ್ಲ. ಪ್ರತಿ ಊರಿನ ನಡುವೆ ಅಚ್ಚುಮನೆ ಎಂಬ ಕಲ್ಲಿನ ಕಟ್ಟಡವಿದೆ. ಒಳಗೆ ಎರಡು ಚಪ್ಪಟೆ ಕಲ್ಲು. ಎಡಗಲ್ಲಿನ ಮೇಲೆ ಒಂದು ವಸ್ತು ಇಟ್ಟು ಬಾಗಿಲು ಹಾಕಿದರೆ ಸಂಜೆ ಹೊತ್ತಿಗೆ ಬಲಗಲ್ಲಿನ ಮೇಲೆ ಅಂಥದೇ ಇನ್ನೊಂದು ಇರುತ್ತದೆ. ಅಂಥದೇ ಎಂದರೆ ಬರೀ ಆಕಾರವಲ್ಲ; ಗೀರು, ಕಲೆ, ನೆಗ್ಗು, ತಳಕ್ಕೆ ಅಂಟಿದ ಅಂಬಲಿ, ಎಲ್ಲವೂ. ಅದಕ್ಕೆ ಪಡಿ ಎನ್ನುತ್ತೇವೆ. ಪಡಿಗೆ ಬೇಕಾದ ಸಾಮಾನು ಕಟ್ಟಡದ ಹಿಂದಿನ ಹೊಂಡದಲ್ಲಿ ರಾಡಿಯಾಗಿ ಇರುತ್ತದೆ. ಹಳೆಯದೆಲ್ಲ ಆ ಹೊಂಡಕ್ಕೆ ಬಿದ್ದು ಕರಗುತ್ತದೆ, ಹೊಸದೆಲ್ಲ ಅದರಿಂದಲೇ ಹುಟ್ಟುತ್ತದೆ. ಹೊಲಿಗೆ ಬಿಟ್ಟ ಅಂಗಿ, ಕಾಲು ಅಲ್ಲಾಡುವ ಮಂಚ, ಬಾಯಿ ಒಡೆದ ಮಡಕೆ, ಎಲ್ಲ ಸಂಜೆ ಹೊಂಡಕ್ಕೆ ಹಾಕಿ ಮರುದಿನ ಹೊಸದು ತರುತ್ತೇವೆ. ತೇಪೆ, ಬೆಸುಗೆ, ಕಲಾಯಿ ಎಂಬ ನಿಮ್ಮ ಮಾತುಗಳು ನಮಗೆ ಹಳೆಯ ಗಾದೆಗಳಲ್ಲಿ ಮಾತ್ರ ಸಿಗುತ್ತವೆ. ನಮ್ಮ ಮನೆಗಳಲ್ಲಿ ಹಳೆಯದಾಗುವುದು ಮನುಷ್ಯರು ಮಾತ್ರ. ಇದರಲ್ಲಿ ಸುಖವಿಲ್ಲವೆಂದು ಹೇಳಲಾರೆ. ಯಾರ ಮನೆಯಲ್ಲಿಯೂ ಕೊರತೆ ಎಂಬುದಿಲ್ಲ, ಮೂಲೆಯಲ್ಲಿ ತುಕ್ಕು ಹಿಡಿಯುವ ಸಾಮಾನಿಲ್ಲ. ಆದರೆ ಮನುಷ್ಯರಿಗೆ ಅಷ್ಟೇ ಸಾಲಲಿಲ್ಲವೆಂದು ಕಾಣುತ್ತದೆ. ಪ್ರತಿಯೊಬ್ಬರೂ ಒಂದು ವಸ್ತುವನ್ನು ಮಾತ್ರ ಬದುಕಿರುವ ತನಕ ಕರಗಿಸದೆ ಇಟ್ಟುಕೊಳ್ಳಬಹುದೆಂದು ಆಮೇಲೆ ಒಪ್ಪಿದರು. ಅದಕ್ಕೆ ಕೈವಸ್ತು ಎಂದು ಹೆಸರು. ಊರು ಬಿಟ್ಟು ಇನ್ನೊಂದು ಊರಿಗೆ ಹೋಗುವವರು ಒಯ್ಯಬಹುದಾದದ್ದೂ ಅದೊಂದೇ. ಉಳಿದದ್ದೆಲ್ಲ ಹೋದಲ್ಲಿ ಸಿಗುತ್ತದಲ್ಲ!

ಅವ್ವನ ಕೈವಸ್ತು ನಿನ್ನ ತಂಬಿಗೆ. ಅವಳು ತೀರಿಕೊಂಡಾಗ ನಾವು ದುಃಖದವರು ನಾಲ್ವರು: ನಾನು, ಅಣ್ಣ ರಾಚಪ್ಪ, ತಂಗಿ ಗುರವ್ವ, ಮತ್ತೆ ಪಕ್ಕದ ಮನೆಯ ಫಕೀರವ್ವ. ಫಕೀರವ್ವ ನನ್ನ ವಾರಿಗೆಯವಳು. ಅವಳು ಲಗ್ನವಾಗಿ ಈ ಊರಿಗೆ ಕಾಲಿಟ್ಟ ದಿನ ಮೊದಲ ನೀರು ಕೊಟ್ಟವಳು ನಮ್ಮ ಅವ್ವ, ಹಾಗಾಗಿ ಅವಳೂ ಮಗಳಿದ್ದ ಹಾಗೆ. ಸತ್ತವರ ಕೈವಸ್ತುವಿಗಾಗಿ ಒಡಹುಟ್ಟಿದವರು ಹೊಡೆದಾಡಬಾರದೆಂದು ನಮ್ಮಲ್ಲಿ ಮುಸುಕುಬುಟ್ಟಿ ಎಂಬ ಕ್ರಮ ಮಾಡಿದ್ದಾರೆ. ದುಃಖದವರು ಎಷ್ಟು ಮಂದಿಯೋ ಅಷ್ಟಾಗುವಂತೆ ಪಡಿ ತೆಗೆದು, ಮೂಲವನ್ನೂ ಪಡಿಗಳನ್ನೂ ಒಂದು ಬುಟ್ಟಿಯಲ್ಲಿ ಹಾಕಿ, ಮೇಲೆ ಬಟ್ಟೆ ಮುಚ್ಚಿ, ದುಃಖವಿಲ್ಲದ ಯಾರೋ ಒಬ್ಬರು ಕಣ್ಣುಮುಚ್ಚಿ ಕಲಸಿ ಇಡುತ್ತಾರೆ. ಒಬ್ಬೊಬ್ಬರೂ ಬಟ್ಟೆಯೊಳಗೆ ಕೈಹಾಕಿ ಒಂದೊಂದು ತೆಗೆದುಕೊಳ್ಳಬೇಕು. ಮೂಲ ಯಾರಿಗೆ ಬಂತೆಂದು ಯಾರಿಗೂ ತಿಳಿಯುವುದಿಲ್ಲ. ಎಲ್ಲರೂ ಸಮ, ಯಾರಿಗೂ ನೋವಿಲ್ಲ ಎಂದು ಹಿರಿಯರ ಲೆಕ್ಕಾಚಾರ.

ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಆದರೆ ಬುಟ್ಟಿಯಿಂದ ಕೈ ಹೊರಗೆ ತೆಗೆದ ಕ್ಷಣದಿಂದ ನಾವು ಮೂವರೂ ಒಡಹುಟ್ಟಿದವರು ತಂತಮ್ಮದೇ ಮೂಲವೆಂದು ನಂಬಿಬಿಟ್ಟೆವು. ಅಣ್ಣ ಬೆರಳಿನಿಂದ ಬಡಿದು ನೋಡಿ, "ನಂದು ಟಣ್ ಅಂತೈತಿ, ನಿಮ್ಮವು ಠಪ್ ಅಂತಾವ" ಎಂದ. ಗುರವ್ವ ಅದನ್ನು ತಲೆದಿಂಬಿನ ಹತ್ತಿರ ಇಟ್ಟು ಮಲಗಿ, ಅವ್ವ ಕನಸಿನಲ್ಲಿ ಬಂದಿದ್ದಳು, ಬೇರೆ ಮನೆಗೆ ಯಾಕೆ ಹೋಗಲಿಲ್ಲ ನೀವೇ ಹೇಳಿ ಎಂದಳು. ನಾನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನ್ನ ತಂಬಿಗೆಯ ನೀರು ಒಂದು ಗುಟುಕು ಸಿಹಿ ಎಂದು ನನಗೆ ಖಾತ್ರಿಯಿತ್ತು. ಫಕೀರವ್ವ ನಮ್ಮ ಮೂವರನ್ನೂ ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕಿದ್ದೇ ನಕ್ಕಿದ್ದು. "ಎಲ್ಲಾರದೂ ಖರೇನ ಆದ್ರ ನಿಮ್ಮವ್ವಗ ಮೂರು ತಂಬಿಗಿ ಇದ್ದುವೇನವಾ? ಪಾಪ, ನನ್ನ ಮುಂದ ಒಂದ ತಂದಿಡತಿದ್ಲು" ಎಂದಳು.

ಮುಂದೆ ಅಣ್ಣ ಊರು ಬಿಟ್ಟು ಹೊರಟ. ಟಣ್ ಎನ್ನುವ ತಂಬಿಗೆಯನ್ನು ಅವನು ಒಯ್ಯಲಿಲ್ಲ; ತೀರಿಹೋದ ಹೆಂಡತಿಯ ಬಾಚಣಿಗೆಯನ್ನು ಕೈವಸ್ತುವೆಂದು ಕಿಸೆಯಲ್ಲಿಟ್ಟುಕೊಂಡು, ತಂಬಿಗೆಯನ್ನು ನನ್ನ ಕೈಗೆ ಕೊಟ್ಟ. "ಇದು ಖರೇದೈತಿ, ನೆಪ್ಪಿರಲಿ" ಎಂದು ಆಗಲೂ ಹೇಳಿದ. ಆಮೇಲೆ ಗುರವ್ವನೂ ಮಗಳ ಹಿಂದೆ ಹೋದಳು. ಅವಳು ಒಯ್ದದ್ದು ಮೊಮ್ಮಗುವಿನ ಒಂದು ಕಾಲಿನ ಚಪ್ಪಲಿ. ಇನ್ನೊಂದು ಎಲ್ಲಿ ಹೋಗಿತ್ತೋ. ಅವಳ ತಂಬಿಗೆಯೂ ನನ್ನ ಮನೆಯ ಗೂಡಿಗೆ ಬಂತು. ನಿಯಮದಂತೆ ಎರಡನ್ನೂ ಹೊಂಡಕ್ಕೆ ಹಾಕಬೇಕಿತ್ತು, ನನಗೆ ಮನಸ್ಸಾಗಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಷ್ಟು ತಲೆಮಾರಿನಿಂದ ಬಂದ ತಂಬಿಗೆಯನ್ನು ಬಿಟ್ಟು ಬಾಚಣಿಗೆ ಒಯ್ಯುವುದೆಂದರೇನು, ಒಂಟಿ ಚಪ್ಪಲಿ ಒಯ್ಯುವುದೆಂದರೇನು? ಇವರಿಗೆ ಅವ್ವನ ಮೇಲೆ ಇದ್ದ ಮಮತೆ ಇಷ್ಟೇ ಎಂದು ಫಕೀರವ್ವನ ಮುಂದೆ ಎಷ್ಟೋ ದಿನ ಆಡಿಕೊಂಡೆ. ಅವಳು ಅಂಬಲಿ ಕುಡಿಯುತ್ತ ಕೂತಳು.

ಅದೇ ಫಕೀರವ್ವ ಒಂದು ದಿನ ಕೆರೆಯ ದಂಡೆಯಲ್ಲಿ ತಂಬಿಗೆ ತೊಳೆಯುತ್ತಿದ್ದಾಗ ಕೈಜಾರಿ ಅದು ನೀರಿಗೆ ಬಿತ್ತು. ಅಲ್ಲಿ ಆಳ ಬಹಳ, ಕೆಳಗೆ ಮುಳುಗಿದ ಊರುಗಳಿವೆ. ನಾನು ಹುಚ್ಚಿಯ ಹಾಗೆ ದಂಡೆಯಲ್ಲಿ ಓಡಾಡಿ ಅತ್ತೆ. ಮೂಲ ಅವಳದೇ ಆಗಿದ್ದರೆ? ಅಷ್ಟು ವರ್ಷ ನನ್ನದೇ ಎಂದು ನಂಬಿದ್ದವಳು, ನೀರಿಗೆ ಬಿದ್ದ ಕೂಡಲೇ ಅದೇ ಇರಬೇಕು ಎನ್ನತೊಡಗಿದೆ ನೋಡು! ಕಳೆದುಕೊಂಡವಳು ಮಾತ್ರ ಕಲ್ಲಿನ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದಳು. "ನೀರಿನ ತಂಬಿಗಿ ನೀರಿಗೆ ಹೋತು. ಅದಕ್ಯಾಕ ಇಷ್ಟ ಅಳ್ತಿ? ನಾಳೆ ನಿಂದು ಕೊಡು, ಒಂದ ಪಡಿ ತಗಸ್ತೀನಿ."

ಕೊಡದೆ ಇರಲಾಗಲಿಲ್ಲ. ಆದರೆ ಜೀವ ಒಪ್ಪಲಿಲ್ಲ. ಎಲ್ಲಿ ಅದಲುಬದಲಾಗುವುದೋ ಎಂಬ ಹೆದರಿಕೆಗೆ ನನ್ನ ತಂಬಿಗೆಯ ಕುತ್ತಿಗೆಗೆ ಒಂದು ಕೆಂಪು ದಾರ ಕಟ್ಟಿ ಎಡಗಲ್ಲಿನ ಮೇಲೆ ಇಟ್ಟೆ. ಸಂಜೆ ಬಾಗಿಲು ತೆಗೆದರೆ ಎರಡೂ ತಂಬಿಗೆಗೆ ಕೆಂಪು ದಾರ, ಎರಡಕ್ಕೂ ಅದೇ ಗಂಟು, ಅದೇ ಬಿಚ್ಚಿದ ಎಳೆ. ಹುಟ್ಟಿದಾಗಿನಿಂದ ಅಚ್ಚುಮನೆ ನೋಡಿದವಳು ನಾನು, ದಾರಕ್ಕೂ ಪಡಿ ಬೀಳುತ್ತದೆಂದು ನನಗೆ ಹೊಳೆದಿರಲಿಲ್ಲ. ನಾನು ಎದೆ ಹಿಡಿದುಕೊಂಡು ಕೂತೇಬಿಟ್ಟೆ. ಫಕೀರವ್ವ ನಕ್ಕು ನಕ್ಕು ಗೋಡೆಗೆ ಆತುಕೊಂಡಳು. "ಅಯ್ಯ ನಿನ್ನ! ಎಡಗಲ್ಲಿಂದು ಅಲ್ಲೇ ಇರತೈತಿ, ಹೊಸಾದು ಬಲಗಲ್ಲ ಮ್ಯಾಲ ಬರತೈತಿ. ಕೂಸಿಗೂ ಗೊತ್ತೈತಿ. ಬಲಗಲ್ಲಿಂದು ನಂದು, ತಗೊಂಡ ಹೊಂಟೆ." ಹಾಗೆಂದು ದಾರದ ಸಮೇತ ಬಗಲಿಗೆ ಇಟ್ಟುಕೊಂಡು ನಡೆದಳು. ಆ ದಾರವನ್ನು ಅವಳು ಬಿಚ್ಚಲೇ ಇಲ್ಲ. ನನ್ನನ್ನು ಕಾಡಿಸಬೇಕೆನ್ನಿಸಿದಾಗಲೆಲ್ಲ ಅದನ್ನು ಎತ್ತಿ ತೋರಿಸುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅದು ತಾನಾಗಿ ಲಡ್ಡಾಗಿ ಉದುರಿಹೋಯಿತು.

ಆಮೇಲಿನ ವರ್ಷಗಳಲ್ಲಿ ಊರಿನಲ್ಲಿ ನಾವಿಬ್ಬರೇ ಉಳಿದೆವು. ಆ ದಿನಗಳ ಬಗ್ಗೆ ಹೇಳಲು ವಿಶೇಷವೇನೂ ಇಲ್ಲ, ಆದರೆ ಅದನ್ನೇ ಹೇಳಬೇಕೆನ್ನಿಸುತ್ತದೆ. ನೆರಳು ತಿಂಗಳಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ ಮುಗಿಸಿ, ಬಿಸಿಲೇರಿದ ಮೇಲೆ ನೆಲದ ಕೆಳಗಿನ ಕೋಣೆಗೆ ಇಳಿಯುತ್ತೇವೆ. ಜೋಳ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಅದರ ನುಚ್ಚು, ಅದರ ಅಂಬಲಿ. ಕೆಲಸಕ್ಕೂ ಇಳಿಯುವುದಕ್ಕೂ ನಡುವಿನ ಹೊತ್ತಿನಲ್ಲಿ ಫಕೀರವ್ವ ತನ್ನ ತಂಬಿಗೆಯಲ್ಲಿ ಅಂಬಲಿ ತುಂಬಿಕೊಂಡು ನನ್ನ ಕಟ್ಟೆಗೆ ಬರುತ್ತಿದ್ದಳು. ಅವಳ ಒಂದು ಕಾಲು ಸರಿಯಿರಲಿಲ್ಲ, ಎಳೆದು ಹಾಕಿ ನಡೆಯುತ್ತಿದ್ದಳು. ಮೊದಲು ತಂಬಿಗೆಯನ್ನು ಕಟ್ಟೆಯ ಕಲ್ಲಿನ ಮೇಲೆ ಕುಕ್ಕಿ, ಆಮೇಲೆ ಅದರ ಪಕ್ಕದಲ್ಲಿ ತಾನು ಕೂರುವುದು ಅವಳ ರೂಢಿ. ದಿನಾ ಹಾಗೆ ಕುಕ್ಕಿ ಕುಕ್ಕಿ ತಂಬಿಗೆಯ ತಳ ಒಂದು ಕಡೆ ಉಬ್ಬಿತು. ಇಟ್ಟ ಮೇಲೆ ಅದು ಸುಮ್ಮನೆ ನಿಲ್ಲುತ್ತಿರಲಿಲ್ಲ. ಟಕ್ ಟಕ್ ಎಂದು ಅಲ್ಲಾಡಿ, ಅವಳು ಬೆರಳಿಟ್ಟ ಮೇಲೆ ನಿಲ್ಲುತ್ತಿತ್ತು. ಹೊಂಡಕ್ಕೆ ಹಾಕಿ ನನ್ನದರ ಇನ್ನೊಂದು ಪಡಿ ತೆಗೆದುಕೋ ಎಂದು ನಾನೇ ಹೇಳಿದೆ. "ತಂಬಿಗೀನೂ ಕುಂಟಿ, ನಾನೂ ಕುಂಟಿ, ಜೋಡಿ ಆತು. ಇದನ್ನ ಹೊಂಡಕ್ಕ ಹಾಕಿದ್ರ ನನ್ನೂ ಹಾಕವಾ" ಎಂದಳು. ನಾನು ಅವಳ ಮುಂದೆ ನೀರು ಇಡುತ್ತಿದ್ದೆ. ದಿನಾ ಬರುವವಳಿಗೆ ಎಂಥ ನೀರು ಎಂದು ಅವಳೆಂದೂ ಅನ್ನಲಿಲ್ಲ, ಎರಡು ಗುಟುಕು ಕುಡಿದು, ಆರಾಮಿದ್ದೀಯಾ ಎಂದು ನಾನು ಕೇಳುವುದನ್ನು ಕಾಯುತ್ತಿದ್ದಳು. ಕೇಳಿದ ಮೇಲೆ ಮೊಣಕಾಲಿನಿಂದ ಹಿಡಿದು ಹಲ್ಲಿನ ತನಕ ಎಲ್ಲ ನೋವಿನ ಪುರಾಣ ತೆಗೆಯುತ್ತಿದ್ದಳು. ನನಗೆ ಆ ಪುರಾಣ ಬಾಯಿಪಾಠವಾಗಿತ್ತು.

ಈ ನೆರಳು ತಿಂಗಳ ಮೊದಲ ವಾರದಲ್ಲಿ ಅವಳು ತೀರಿಕೊಂಡಳು. ಮಲಗಿದ್ದವಳು ಏಳಲಿಲ್ಲ, ಅಷ್ಟೇ. ಮಣ್ಣು ಮಾಡಿ ಬಂದು, ಕ್ರಮದಂತೆ ಅವಳ ತಂಬಿಗೆಯನ್ನು ತೆಗೆದುಕೊಂಡು ಅಚ್ಚುಮನೆಗೆ ಹೋದೆ. ಸತ್ತವರ ಕೈವಸ್ತುವನ್ನು ಎಡಗಲ್ಲಿನ ಮೇಲಿಟ್ಟರೆ ಅಚ್ಚುಮನೆಯೇ ಮಾತಾಡುತ್ತದೆ. ಅದರ ದನಿ ಬಹಳ ಮರ್ಯಾದೆಯದು, ಯಾವತ್ತೂ ಅವಸರ ಮಾಡುವುದಿಲ್ಲ. ದುಃಖದವರು ಎಷ್ಟು ಮಂದಿ ಎಂದು ಕೇಳಿತು. ಒಬ್ಬಳು ಎಂದೆ. ಹಾಗಿದ್ದರೆ ಪಡಿ ಬೇಕಿಲ್ಲ, ಇದನ್ನೇ ಒಯ್ಯಿರಿ ಎಂದಿತು.

ಅದನ್ನು ಎತ್ತಿಕೊಂಡು ಹೊರಗೆ ಬಂದೆ. ಬಾಗಿಲು ದಾಟಿ ನಾಲ್ಕು ಹೆಜ್ಜೆ ಬಂದ ಮೇಲೆ ಕಾಲು ನಿಂತುಬಿಟ್ಟಿತು. ನಮ್ಮ ಜನ ಸತ್ತವರ ವಸ್ತುವನ್ನು ಹಿಡಿದುಕೊಂಡು, ಇದು ಅವರದೇ ಇರಬಹುದು ಎಂದುಕೊಳ್ಳುತ್ತ ಬದುಕುತ್ತಾರೆ. ನಾನೂ ಅವ್ವನ ತಂಬಿಗೆಯನ್ನು ಹಾಗೆಯೇ ಹಿಡಿದುಕೊಂಡು ಬಂದೆ. ಈಗ ನನ್ನ ಕೈಯಲ್ಲಿರುವುದು ಫಕೀರವ್ವನದು. ಇರಬಹುದು ಅಲ್ಲ, ಹೌದು. ಅದರಲ್ಲಿ ಬುಟ್ಟಿಯಿಲ್ಲ, ಬಟ್ಟೆಯಿಲ್ಲ, ಅನುಮಾನವಿಲ್ಲ. ಅವಳ ಹೆಬ್ಬೆರಳು ಉಜ್ಜಿ ನುಣುಪಾದ ಅಂಚು ಅವಳ ಹೆಬ್ಬೆರಳಿನದೇ. ನಮ್ಮ ಕಾಲದಲ್ಲಿ ಇಂಥ ಖಾತ್ರಿ ಯಾರಿಗೂ ಸಿಕ್ಕದ್ದನ್ನು ನಾನು ಕಂಡಿಲ್ಲ. ಅದು ಸಿಗಬೇಕಾದರೆ ಅಳುವವರು ಒಬ್ಬರೇ ಉಳಿದಿರಬೇಕು, ಅದಕ್ಕೆ. ಎಲ್ಲರೂ ಬೇಡುವ ಭಾಗ್ಯ ಹೀಗೆ ಬಂದು ಕೈಯಲ್ಲಿ ಕೂತಿತಲ್ಲ ಎಂದು ದಾರಿಯಲ್ಲಿಯೇ ಕೂತು ಜೋರಾಗಿ ಅತ್ತೆ. ಕೇಳುವವರಾರೂ ಇಲ್ಲದ ಊರಿನಲ್ಲಿ ಎಷ್ಟು ಜೋರಾಗಿ ಅತ್ತರೂ ನಡೆಯುತ್ತದೆ.

ಈಗ ನನ್ನ ಮುಂದೆ ನಾಲ್ಕು ತಂಬಿಗೆಗಳಿವೆ. ನಾಲ್ಕರ ಮೇಲೂ ನಿನ್ನ ಹೆಸರು, ನಿನ್ನ ಸೋದರತ್ತೆಯ ಹೆಸರು. ಮೂರು ಗೂಡಿನಲ್ಲಿವೆ: ನನ್ನದು, ಅಣ್ಣನದು, ಗುರವ್ವನದು. ನಿನ್ನ ಕೈ ಮುಟ್ಟಿದ ತಂಬಿಗೆ ಈ ಮೂರರಲ್ಲಿ ಒಂದಿರಬೇಕು, ಇಲ್ಲವೇ ಕೆರೆಯ ತಳದಲ್ಲಿರಬೇಕು. ನಾಲ್ಕನೆಯದು ಫಕೀರವ್ವನದು, ಬಲಗಲ್ಲಿನ ಮೇಲೆ ನಾನೇ ಕಣ್ಣಾರೆ ಕಂಡ ಪಡಿ. ಬಹಳ ಮಾಡಿದರೆ ಪಡಿಯ ಪಡಿ. ನಿನ್ನ ಬೆರಳು ಅದನ್ನು ಮುಟ್ಟಿಲ್ಲ, ನಮ್ಮ ಅವ್ವನ ಬೆರಳೂ ಮುಟ್ಟಿಲ್ಲ. ಒಯ್ಯಬಹುದಾದದ್ದು ಒಂದೇ. ಈ ತಿಂಗಳೆಲ್ಲ ನಾನು ಇದನ್ನೇ ಯೋಚಿಸಿದ್ದೇನೆ. ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು ಬಡಿದು ನೋಡಿದೆ, ತಲೆದೆಸೆಯಲ್ಲಿ ಇಟ್ಟುಕೊಂಡು ಮಲಗಿದೆ, ನೀರು ಕುಡಿದು ನೋಡಿದೆ. ಮೂರೂ ಟಣ್ ಎನ್ನುತ್ತವೆ. ಕನಸಿಗೆ ಯಾರೂ ಬರಲಿಲ್ಲ. ನೀರು ಎಲ್ಲದರಲ್ಲಿಯೂ ಒಂದೇ ರುಚಿ. ಇಷ್ಟು ತಲೆಮಾರು ಕೈಯಿಂದ ಕೈಗೆ ಬಂದದ್ದು ನನ್ನ ಕೈಯಲ್ಲಿ ನಿಂತುಹೋಗುವುದೆಂದರೆ ಎದೆ ಹಿಂಡುತ್ತದೆ. ಸೋದರತ್ತೆ ಅಷ್ಟು ಗಂಟುಬಿದ್ದು ಕೊರೆಸಿದ ಹೆಸರನ್ನು ಖಾಲಿ ಊರಿನಲ್ಲಿ ಬಿಟ್ಟುಹೋಗುವವಳು ನಾನೇ ಆಗಬೇಕೆ?

ಆದರೂ ನಾಳೆ ನಾನು ಒಯ್ಯುವುದು ಕುಂಟಿ ತಂಬಿಗೆಯನ್ನೇ. ಇದನ್ನು ನಿನಗೆ ಮುಖಕ್ಕೆ ಮುಖ ಕೊಟ್ಟು ಹೇಳಬೇಕೆಂದೇ ಕಾಗದ ಬರೆಯಲು ಕೂತದ್ದು. ಒಯ್ಯುವುದಕ್ಕೆ ಕಾರಣವನ್ನು ಚೆನ್ನಾಗಿ ಜೋಡಿಸಿ ಹೇಳಲು ನನಗೆ ಬರುವುದಿಲ್ಲ. ನಿನ್ನ ತಂಬಿಗೆ ಬಹಳ ದೂರದಿಂದ ಬಂದದ್ದು, ಅದಕ್ಕಾಗಿ ಅದು ದೊಡ್ಡದು ಎಂದು ನನಗೆ ಕಲಿಸಿದ್ದರು. ಕಲಿತದ್ದನ್ನು ನಂಬಿದೆ, ಕಾಯ್ದೆ, ಒರೆಸಿ ಗೂಡಿನಲ್ಲಿಟ್ಟೆ. ಫಕೀರವ್ವನ ತಂಬಿಗೆ ಎಲ್ಲಿಂದಲೂ ಬಂದದ್ದಲ್ಲ. ಪಕ್ಕದ ಮನೆಯಿಂದ ಬರುತ್ತಿತ್ತು, ದಿನಾ ಬರುತ್ತಿತ್ತು. ನನ್ನ ಬೆಳಗು ಆಗುತ್ತಿದ್ದದ್ದು ಅದರ ಟಕ್ ಟಕ್‌ನಿಂದ. ಅಣ್ಣ ಬಾಚಣಿಗೆಯನ್ನು ಯಾಕೆ ಒಯ್ದ, ಗುರವ್ವ ಒಂಟಿ ಚಪ್ಪಲಿಯನ್ನು ಯಾಕೆ ಒಯ್ದಳು ಎಂದು ಈಗ ತಿಳಿಯಿತು. ಅವರಿಬ್ಬರಿಗೂ ಹೇಳಿ ಕಳಿಸೋಣವೆಂದರೆ ಅಣ್ಣ ಬದುಕಿಲ್ಲ, ಗುರವ್ವನಿಗೆ ಈಗ ಯಾರ ಗುರುತೂ ಹತ್ತುವುದಿಲ್ಲವಂತೆ. ನಿನ್ನ ಸೋದರತ್ತೆಗೂ ನೀನೆಂದರೆ ಹೀಗೇ ಇದ್ದಿರಬೇಕು. ಅವಳು ಅಂಗಡಿಯಲ್ಲಿ ನಿಂತು ಹೆಸರು ಕೊರೆಸಿದ್ದು ನನಗಾಗಿ ಅಲ್ಲ; ದಿನಾ ನೀರು ಕುಡಿಯುವಾಗ ನಿನಗೆ ಅವಳ ನೆನಪಾಗಲಿ ಎಂದು. ಆ ಕೆಲಸ ಎಂದೋ ಮುಗಿದಿದೆ, ಚೆನ್ನಾಗಿಯೇ ಮುಗಿದಿದೆ. ಹಾಗೆಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತೇನೆ. ಸಮಾಧಾನ ಪೂರ್ತಿ ಆಗಿಲ್ಲವೆಂಬುದನ್ನೂ ಮುಚ್ಚಿಡುವುದಿಲ್ಲ.

ಹೋಗುವ ಊರಿನ ಬಗ್ಗೆ ನನಗೆ ಭಯವಿದೆ. ಅಲ್ಲಿ ಬಹಳ ಜನ ಇದ್ದಾರಂತೆ. ಬಾಯಾರಿದರೆ ಗೋಡೆಗೆ 'ನೀರು' ಎಂದರೆ ಸಾಕು, ಗೋಡೆಯಿಂದಲೇ ನೀರು ಬರುತ್ತದಂತೆ. ಹಾಗಾಗಿ ಅಲ್ಲಿ ಯಾರೂ ಯಾರ ಮುಂದೆಯೂ ನೀರು ಇಡುವುದಿಲ್ಲ. ಆರಾಮಿದ್ದೀಯಾ ಎಂದು ಯಾವಾಗ ಕೇಳಬೇಕೆಂಬುದು ಅವರಿಗೆ ಹೇಗೆ ತಿಳಿಯುತ್ತದೋ. ನಾನು ಅಲ್ಲಿ ಒಂದು ಕಲ್ಲು ಹುಡುಕಿಕೊಂಡು ಈ ತಂಬಿಗೆಯನ್ನು ಕುಕ್ಕಿ ಕೂರುತ್ತೇನೆ. ಅದರ ಸದ್ದು ಕೇಳಿ ಯಾರಾದರೂ ತಿರುಗಿ ನೋಡಬಹುದು. ನಾನು ಸತ್ತ ದಿನ ಅಲ್ಲಿನ ಅಚ್ಚುಮನೆ, ದುಃಖದವರು ಎಷ್ಟು ಮಂದಿ ಎಂದು ಕೇಳಿದಾಗ ಒಬ್ಬರಾದರೂ ಹೂಂ ಎನ್ನುವವರಿರಲಿ ಎಂಬುದು ನನ್ನ ಆಸೆ. ಒಬ್ಬರಿಗಿಂತ ಹೆಚ್ಚಿದ್ದರೆ ಇದಕ್ಕೂ ಪಡಿ ಬೀಳುತ್ತದೆ, ಬೀಳಲಿ.

ನೀಲಗಂಗವ್ವ, ನಿನ್ನೆ ರಾತ್ರಿ ಕಾಗದವನ್ನು ಇಲ್ಲಿಗೇ ಮುಗಿಸಬೇಕೆಂದಿದ್ದೆ. ಈಗ ಬೆಳಗಾಗಿ ಬಂಡಿ ಬಂದು ನಿಂತಿದೆ. ಇನ್ನೆರಡು ಮಾತು ಬರೆದುಬಿಡುತ್ತೇನೆ. ಬಂಡಿಗೆ ನಡೆಸುವವನಿಲ್ಲ, ತಾನೇ ಬರುತ್ತದೆ, ಎಷ್ಟು ಹೊತ್ತಾದರೂ ಸುಮ್ಮನೆ ಕಾಯುತ್ತದೆ. ಅದರ ಸಹನೆ ನೋಡಿ ನನಗೇ ನಾಚಿಕೆಯಾಯಿತು. ನಸುಕಿನಲ್ಲಿ ಎದ್ದು ಕೆರೆಗೆ ಹೋಗಿ ನೀರು ತಂದೆ. ಗೂಡಿನಲ್ಲಿದ್ದ ಮೂರು ತಂಬಿಗೆಗಳನ್ನೂ ಬೆಳಗಿ, ಬಾಯಿತನಕ ತುಂಬಿ, ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದೇನೆ. ಕಾಗದ ನಡುವಿನದರ ಕೆಳಗಿರುತ್ತದೆ. ಯಾವ ದಾರಿಯೂ ಇಲ್ಲವೆಂದು ಗೊತ್ತಿದ್ದೂ ಬರೆಯುತ್ತೇನೆ: ನೀನು ಎಂದಾದರೂ ಈ ಕಡೆ ಬಂದರೆ, ಯಾವುದು ನಿನ್ನದೆಂದು ಹುಡುಕುತ್ತ ನಿಲ್ಲಬೇಡ. ಮೂರರಲ್ಲಿಯೂ ನೀರಿದೆ, ಕೈಗೆ ಸಿಕ್ಕಿದ್ದನ್ನು ಎತ್ತಿಕೋ. ಬಹಳ ದೂರದಿಂದ ಬಂದಿರುತ್ತೀ, ಮೊದಲು ನೀರು ಕುಡಿ. ಆರಾಮಿದ್ದೀಯಾ ಎಂದು ಕೇಳಲು ಮಾತ್ರ ನಾನು ಮನೆಯಲ್ಲಿರುವುದಿಲ್ಲ.

ದಾನಮ್ಮ